‘ದುರ್ಬಲಗೊಳಿಸು’ ಎಂಬ ಒಂದೇ ಮಾತು

ಕುಂದುವಿಕೆಯನ್ನು ತಿಳಿಸುವ ಮಾತುಗಳಿಗೆ ಕನ್ನಡದಲ್ಲಿ ಬಡತನವಿಲ್ಲ. ನೀರು ಬೆರೆಸಿದ ಮಜ್ಜಿಗೆ ತೆಳ್ಳಗಾಗುತ್ತದೆ. ಎಣ್ಣೆ ತೀರಿದ ದೀಪ ಮಂದವಾಗುತ್ತದೆ. ಬಿಸಿಲಿಗೆ ಬಟ್ಟೆಯ ಬಣ್ಣ ಮಾಸುತ್ತದೆ. ಕೊಡಲಿಯ ಬಾಯಿ ಮೊಂಡಾಗುತ್ತದೆ. ಜ್ವರದಲ್ಲಿ ಮಲಗಿದ್ದವನು ಸೊರಗುತ್ತಾನೆ. ಮಜ್ಜಿಗೆ ಸೊರಗಿತೆಂದಾಗಲಿ ಕೊಡಲಿ ಮಾಸಿತೆಂದಾಗಲಿ ಯಾರೂ ಹೇಳುವುದಿಲ್ಲ. ಹೀಗಿದ್ದರೂ, ವಿಜ್ಞಾನದ ಉತ್ತರಗಳನ್ನು ಬರೆಯುವಾಗ ವಿದ್ಯಾರ್ಥಿಗಳು ಈ ವಿವೇಚನೆಯನ್ನೆಲ್ಲ ಬದಿಗಿಟ್ಟು, ಎಲ್ಲಕ್ಕೂ ‘ದುರ್ಬಲಗೊಳಿಸು’ ಎಂಬ ಒಂದೇ ಮಾತನ್ನು ಬಳಸುವುದನ್ನು ನಾವು ಆಗಾಗ ಕಾಣುತ್ತೇವೆ. ಆಮ್ಲಕ್ಕೆ ನೀರು ಸೇರಿಸಿದರೂ, ವಿಕಿರಣಕ್ಕೆ ಸೀಸವನ್ನು ಅಡ್ಡವಿಟ್ಟರೂ, ರೋಗಾಣುವಿನಿಂದ ಲಸಿಕೆಯನ್ನು ತಯಾರಿಸಿದರೂ ‘ದುರ್ಬಲಗೊಳಿಸಲಾಯಿತು’ ಎಂದೇ ಬರೆಯುತ್ತಾರೆ. ಈ ಮೂರೂ ಬೇರೆಬೇರೆ ಕ್ರಿಯೆಗಳು. ಅವುಗಳಿಗೆ ಬೇರೆಬೇರೆ ಮಾತುಗಳೇ ಇರತಕ್ಕದ್ದೆಂಬುದು ನಮ್ಮ ಅಭಿಪ್ರಾಯ.

ಮೊದಲು ಆಮ್ಲದ ವಿಚಾರ. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಎಷ್ಟು ನೀರು ಬೆರೆಸಿದರೂ ಅದು ಪ್ರಬಲ ಆಮ್ಲವೇ. ಏಕೆಂದರೆ ನೀರಿನಲ್ಲಿ ಅದರ ಅಣುಗಳು ಹೆಚ್ಚುಕಡಮೆ ಎಲ್ಲವೂ ಅಯಾನುಗಳಾಗಿ ಒಡೆಯುತ್ತವೆ. ಅಸಿಟಿಕ್ ಆಮ್ಲವಾದರೋ ದುರ್ಬಲವಾದುದು, ಅದರ 0.1 ಮೋಲಾರ್ ದ್ರಾವಣದಲ್ಲಿ ನೂರಕ್ಕೆ ಸುಮಾರು ಒಂದು ಅಣು ಮಾತ್ರ ಒಡೆದಿರುತ್ತದೆ. ಇದಕ್ಕೆ ಇನ್ನಷ್ಟು ನೀರು ಬೆರೆಸಿದರೆ ಒಡೆಯುವ ಅಣುಗಳ ಪ್ರಮಾಣ ಹೆಚ್ಚುತ್ತದೆಯೇ ಹೊರತು ಕಡಮೆಯಾಗುವುದಿಲ್ಲ. ಪ್ರಾಬಲ್ಯ, ದೌರ್ಬಲ್ಯಗಳು ಆಮ್ಲದ ಸ್ವಭಾವವನ್ನು ಹೇಳುತ್ತವೆ, ನೀರಿನ ಮೊತ್ತವನ್ನಲ್ಲ. ನೀರು ಬೆರೆಸುವುದಕ್ಕೆ ‘ಸಾರರಿಕ್ತ’ವೆಂಬ ಮಾತು ನಮ್ಮ ಪಠ್ಯಪುಸ್ತಕಗಳಲ್ಲಿ ಬಳಕೆಯಲ್ಲಿದೆ. ಸಾರವು ಪೂರ್ತಿ ಬರಿದಾಗುವುದಿಲ್ಲವಾದ್ದರಿಂದ ಅದರ ಅಕ್ಷರಾರ್ಥ ಅಷ್ಟು ಸಮರ್ಪಕವಲ್ಲ. ಆದರೂ ರೂಢಿಯಲ್ಲಿ ನೆಲೆನಿಂತಿರುವುದರಿಂದ ಅದನ್ನು ಉಳಿಸಿಕೊಳ್ಳುವುದೇ ಲೇಸು.

ಈ ಭೇದವನ್ನು ಮರೆತರೆ ಅಪಾಯವೂ ಉಂಟು. ಹೈಡ್ರೋಫ್ಲೂರಿಕ್ ಆಮ್ಲವು ದುರ್ಬಲ ಆಮ್ಲಗಳ ಪಟ್ಟಿಗೆ ಸೇರಿದೆ. ಆದರೆ ಅದು ಗಾಜನ್ನು ಕೊರೆಯುತ್ತದೆ, ಚರ್ಮದ ಮೂಲಕ ಒಳನುಗ್ಗಿ ಎಲುಬನ್ನು ಕೆಡಿಸುತ್ತದೆ, ಪ್ರಾಣವನ್ನೂ ತೆಗೆಯಬಲ್ಲುದು. ಇತ್ತ ಪ್ರಬಲವೆನಿಸಿದ ಹೈಡ್ರೋಕ್ಲೋರಿಕ್ ಆಮ್ಲವನ್ನು ನಾವೆಲ್ಲರೂ ಸಾರರಿಕ್ತ ರೂಪದಲ್ಲಿ ಜಠರದಲ್ಲಿಯೇ ಹೊತ್ತುಕೊಂಡಿದ್ದೇವೆ. ‘ದುರ್ಬಲ’ವೆಂಬ ಚೀಟಿಯನ್ನು ನೋಡಿ ಧೈರ್ಯತಾಳುವ ವಿದ್ಯಾರ್ಥಿಯು ತನ್ನ ಕೈಯನ್ನೇ ಪಣಕ್ಕಿಟ್ಟಂತೆ.

ಇನ್ನು ವಿಕಿರಣ. ಕೋಬಾಲ್ಟ್-60ರಿಂದ ಹೊರಡುವ ಗ್ಯಾಮಾ ಕಿರಣಗಳ ತೀವ್ರತೆಯನ್ನು ಸುಮಾರು 12 ಮಿಲಿಮೀಟರು ದಪ್ಪದ ಸೀಸವು ಅರ್ಧಕ್ಕೆ ಇಳಿಸುತ್ತದೆ. ಅಂತಹ ಎರಡನೆಯ ಪದರವು ಅದನ್ನು ಕಾಲುಭಾಗಕ್ಕೂ ಮೂರನೆಯದು ಎಂಟನೆಯ ಒಂದು ಭಾಗಕ್ಕೂ ತರುತ್ತದೆ. ಇಲ್ಲಿ ಕಡಮೆಯಾದುದು ಫೋಟಾನುಗಳ ಸಂಖ್ಯೆ. ಸೀಸದೊಳಗೆ ಎಲ್ಲಿಯೂ ಚದರದೆ ನೇರವಾಗಿ ಹಾದುಬಂದ ಒಂದೊಂದು ಫೋಟಾನೂ ತನ್ನ ಪೂರ್ಣಶಕ್ತಿಯನ್ನು ಉಳಿಸಿಕೊಂಡೇ ಇರುತ್ತದೆ. ಆದುದರಿಂದ ಕಿರಣವು ‘ದುರ್ಬಲವಾಯಿತು’ ಎನ್ನುವುದಕ್ಕಿಂತ ಅದರ ತೀವ್ರತೆ ‘ಕ್ಷೀಣಿಸಿತು’ ಎನ್ನುವುದು ಯುಕ್ತ.

ಲಸಿಕೆಯ ಸಂದರ್ಭದಲ್ಲಿ ಮಾತ್ರ ‘ದುರ್ಬಲಗೊಳಿಸು’ ಎಂಬುದು ತನ್ನ ನಿಜವಾದ ಅರ್ಥದಲ್ಲಿ ಸಲ್ಲುತ್ತದೆ. ಉಗ್ರವಾದ ರೋಗಾಣುಗಳನ್ನು ನೀರಿನಲ್ಲಿ ಕದಡಿ ಸಂಖ್ಯೆಯನ್ನು ತಗ್ಗಿಸಿದ ಮಾತ್ರಕ್ಕೆ ಲಸಿಕೆಯಾಗದು. ಉಳಿದ ಕೆಲವೇ ಅಣುಜೀವಿಗಳು ಶರೀರದಲ್ಲಿ ವೃದ್ಧಿಹೊಂದಿ ರೋಗವನ್ನು ತರಬಲ್ಲವು. ಅವುಗಳ ಸ್ವಭಾವವೇ ಬದಲಾಗಬೇಕು. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ಎಂಬ ವಿಜ್ಞಾನಿಗಳು ದನಗಳ ಕ್ಷಯರೋಗದ ಬ್ಯಾಕ್ಟೀರಿಯವನ್ನು 1908ರಿಂದ ಮೊದಲುಗೊಂಡು ಸುಮಾರು 13 ವರ್ಷಗಳ ಕಾಲ, ಪಿತ್ತರಸ ಸೇರಿಸಿದ ಆಲೂಗೆಡ್ಡೆಯ ಮೇಲೆ 230 ಸಲ ಮರಳಿ ಮರಳಿ ಬೆಳೆಸಿದರು. ಕಡೆಗೆ ಅದು ರೋಗವನ್ನುಂಟುಮಾಡುವ ಬಲವನ್ನು ಕಳೆದುಕೊಂಡಿತು. 1921ರಲ್ಲಿ ಮೊತ್ತಮೊದಲು ಮನುಷ್ಯರಿಗೆ ಕೊಡಲ್ಪಟ್ಟ ಅದೇ ಬಿ.ಸಿ.ಜಿ. ಲಸಿಕೆಯನ್ನು ಇಂದಿಗೂ ನಮ್ಮ ದೇಶದಲ್ಲಿ ನವಜಾತ ಶಿಶುಗಳಿಗೆ ಕೊಡುತ್ತಾರೆ.

ಪಾರಿಭಾಷಿಕ ಶಬ್ದಗಳು ಹೆಚ್ಚಾದಷ್ಟೂ ಕಲಿಯುವವರಿಗೆ ಹೊರೆಯೆಂದು ಕೆಲವರು ಆಕ್ಷೇಪಿಸಬಹುದು. ಅಡುಗೆಮನೆಯಲ್ಲಿ, ಹೊಲದಲ್ಲಿ ಇಂತಹ ಹತ್ತು ಮಾತುಗಳನ್ನು ತಪ್ಪಿಲ್ಲದೆ ಬಳಸುವ ಜನಕ್ಕೆ ಪ್ರಯೋಗಶಾಲೆಯಲ್ಲಿ ಮೂರು ಮಾತುಗಳು ಹೊರೆಯಾಗಲಾರವು. ವಿದ್ಯಾರ್ಥಿಗಳು ‘ದುರ್ಬಲ’ವೆಂದು ಬರೆಯುವ ಮುನ್ನ ಒಂದು ಪ್ರಶ್ನೆಯನ್ನು ಹಾಕಿಕೊಳ್ಳಲಿ: ಕಡಮೆಯಾದುದು ಏನು? ವಸ್ತುವು ಹೆಚ್ಚು ನೀರಿನಲ್ಲಿ ಹರಡಿಕೊಂಡಿದ್ದರೆ ಸಾರರಿಕ್ತ. ದಾರಿಯಲ್ಲಿ ಒಂದು ಭಾಗ ಕಳೆದುಹೋಗಿದ್ದರೆ ಕ್ಷೀಣ. ಸ್ವಭಾವದಲ್ಲಿಯೇ ಬಲವು ಕಡಮೆಯಿದ್ದರೆ ದುರ್ಬಲ. ಈ ಪ್ರಶ್ನೆಗೆ ಉತ್ತರ ಹೇಳಬಲ್ಲವನು ಪಾಠವನ್ನು ಅರಿತುಕೊಂಡಿದ್ದಾನೆಂದೇ ನಾವು ತಿಳಿಯುತ್ತೇವೆ.