ಹೆಸರಿಗೆ ಹೆಬ್ಬಾಗಿಲೇಕೆ?

ಶೇಕ್ಸ್‌ಪಿಯರನ ನಾಟಕವನ್ನಾಡಲು ನಟನಿಗೆ ಬೇಕಾದುದೇನು? ಕಂಠ ಬೇಕು, ಅಭಿನಯ ಬೇಕು, ಕವಿಹೃದಯವನ್ನರಿಯುವ ಬುದ್ಧಿ ಬೇಕು. ಇವುಗಳೊಡನೆ ಆಂಗ್ಲ ಹೆಸರೂ ಬೇಕಾಗಿದ್ದಿತೆಂದರೆ ವಾಚಕರು ನಂಬುವರೆ? ನಂಬಲೇಬೇಕು, ಸಾಕ್ಷಿಯು ಕಣ್ಣೆದುರಿಗೇ ಇದೆ.

೧೯೪೩ನೆಯ ಇಸವಿ ಡಿಸೆಂಬರ ೩೧ರಂದು ಇಂಗ್ಲಂಡದ ಯಾರ್ಕ್‌ಶಾಯರ ಸೀಮೆಯಲ್ಲಿ ಒಂದು ಕೂಸು ಹುಟ್ಟಿತು. ತಂದೆ ಗುಜರಾಥಿ ಮೂಲದ ವೈದ್ಯರು, ತಾಯಿ ಆಂಗ್ಲ ಮಹಿಳೆ. ಕೂಸಿಗಿಟ್ಟ ಹೆಸರು ಕೃಷ್ಣ ಪಂಡಿತ ಭಾನ್‌ಜಿ. ಬೆಳೆದು ನಟನಾದ ಆ ತರುಣನು ಈ ಹೆಸರಿನಿಂದ ರಂಗಭೂಮಿಯ ಬಾಗಿಲನ್ನು ತಟ್ಟಿದಾಗ ಅದು ತೆರೆಯಲಿಲ್ಲ. ಬೆನ್ ಕಿಂಗ್ಸ್‌ಲಿ ಎಂದು ಹೇಳಿಕೊಂಡು ತಟ್ಟಿದಾಗ ತೆರೆಯಿತು. ಇದು ಅನ್ಯರು ಕಟ್ಟಿದ ಕತೆಯಲ್ಲ. ಅವರೇ ಬಹಿರಂಗವಾಗಿ ಹೇಳಿದ ಮಾತು.

ಹೆಸರು ಬದಲಾಯಿತು, ಮನುಷ್ಯನು ಬದಲಾದನೆ? ೧೯೬೭ರಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿಯನ್ನು ಸೇರಿದ ಅವರು ೧೯೭೦ರಲ್ಲಿ ಪೀಟರ್ ಬ್ರೂಕರ ಪ್ರಸಿದ್ಧ ಪ್ರಯೋಗದಲ್ಲಿ ಡಿಮೆಟ್ರಿಯಸನಾದರು. ೧೯೭೫ರಲ್ಲಿ ತಗಡಿನದೊಂದು ಪುಟ್ಟ ರಂಗಮಂದಿರದಲ್ಲಿ ಹ್ಯಾಮ್ಲೆಟ್ಟನಾದರು. ೧೯೮೫ರಲ್ಲಿ ಒಥೆಲೋ ಆದರು. ಪ್ರಣಯಿ, ರಾಜಪುತ್ರ, ಸೇನಾನಿ ಈ ಮೂವರಿಗೂ ದನಿ ಕೊಟ್ಟ ಕಂಠವು ಕೃಷ್ಣ ಭಾನ್‌ಜಿಯದೇ ಅಲ್ಲವೆ? ಹಾಗಾದರೆ ಮೊದಲು ನಿರಾಕರಿಸಿದುದು ಯಾವುದನ್ನು? ವಿದ್ಯೆಯನ್ನಲ್ಲ, ಹೆಸರಿನ ನಾಲ್ಕಾರು ಅಕ್ಷರಗಳನ್ನು.

“ನಟರು ಹೆಸರು ಬದಲಿಸುವುದು ವಾಡಿಕೆ, ಇದರಲ್ಲೇನು ಅನ್ಯಾಯ?” ಎಂದು ಕೆಲವರು ಕೇಳಬಹುದು. ಮೆಚ್ಚಿ ತೊಟ್ಟ ಅಂಗಿಯೂ ಬಾಗಿಲಲ್ಲಿ ಕಾವಲುಗಾರನು ತೊಡಿಸಿದ ಅಂಗಿಯೂ ಒಂದೇ ಅಲ್ಲ. “ಪ್ರಾಚೀನ ನಾಟಕಕ್ಕೆ ವಂಶದ ಸಂಸ್ಕಾರ ಬೇಕು” ಎಂದು ಇನ್ನು ಕೆಲವರು ಅಂದಾರು. ಹ್ಯಾಮ್ಲೆಟ್ಟನು ಡೆನ್ಮಾರ್ಕದವನು, ಬ್ರೂಟಸನು ರೋಮದವನು. ಆ ಪಾತ್ರಗಳನ್ನು ಧರಿಸಿದ ಆಂಗ್ಲ ನಟರ ವಂಶಾವಳಿಯನ್ನು ಯಾರೂ ಕೇಳಲಿಲ್ಲ. ಕೃಷ್ಣನಿಗೆ ಮಾತ್ರ ಈ ಪ್ರಶ್ನೆಯೇಕೆ?

ಆಂಗ್ಲರನ್ನು ಜರೆದು ನಾವು ಕೈತೊಳೆದುಕೊಳ್ಳುವಂತೆಯೂ ಇಲ್ಲ. ೧೯೮೨ರಲ್ಲಿ ಅವರು ಚಿತ್ರಪಟದಲ್ಲಿ ಮಹಾತ್ಮರಾಗಿ ಕಾಣಿಸಿಕೊಂಡು, ಮರುವರ್ಷ ಆಸ್ಕರ್ ಪಾರಿತೋಷಕವನ್ನು ಪಡೆದ ಮೇಲೆ “ಇವರು ನಮ್ಮವರು” ಎಂದು ಎದೆಯುಬ್ಬಿಸಿದೆವು. ೧೯೮೪ರಲ್ಲಿ ಪದ್ಮಶ್ರೀಯೂ ಸಂದಿತು, ಸಂದದ್ದು ಯೋಗ್ಯವೇ. ಆದರೆ ಗೆದ್ದಾಗ ನಮ್ಮವರು, ಗೆಲ್ಲುವವರೆಗೆ ಬೆರಕೆಯವರು ಎಂಬುದು ಯಾವ ನ್ಯಾಯ? ತಂದೆಯ ಪಾಲಿಷ್ಟು, ತಾಯಿಯ ಪಾಲಿಷ್ಟು ಎಂದು ಮನುಷ್ಯನನ್ನು ತಕ್ಕಡಿಯಲ್ಲಿಟ್ಟು ತೂಗಲು ಅವನು ಬೆಲ್ಲದ ಪೆಂಟೆಯಲ್ಲ.

ಉಪಾಧ್ಯಾಯ ಬಂಧುಗಳೇ, ನಿಮ್ಮ ಹಾಜರಿ ಪುಸ್ತಕದಲ್ಲಿಯೂ ನಾಲಿಗೆಗೆ ಒಗ್ಗದ ಹೆಸರೊಂದಿರಬಹುದು. ಅದನ್ನು ಮೊಟಕುಗೊಳಿಸದೆ, ನಗೆಗೀಡುಮಾಡದೆ, ಪೂರ್ತಿಯಾಗಿ ಕರೆಯಿರಿ. ಹೆತ್ತವರಿಟ್ಟ ಹೆಸರನ್ನು ಹೊಸ್ತಿಲಲ್ಲಿ ಕಳಚಿಟ್ಟು ಬಾ ಎನ್ನುವ ಮಂದಿರವು ಎಷ್ಟೇ ಭವ್ಯವಾಗಿರಲಿ, ಅದು ಕಲೆಯ ಮಂದಿರವಲ್ಲ.