ಬಿಡದ ಖಿನ್ನತೆಗೂ ಚಿಕಿತ್ಸೆಯುಂಟು



ಕೊಳೆರೋಗ, ಎಲೆಚುಕ್ಕಿ, ಕಾಂಡಕೊರಕ ಇವುಗಳ ಮಾತು ಬಾರದ ಸಂಚಿಕೆ ನಮ್ಮ ಪತ್ರಿಕೆಯಲ್ಲಿ ಇಲ್ಲವೆಂದೇ ಹೇಳಬೇಕು. ಗಿಡಕ್ಕೆ ರೋಗ ಬಂದರೆ ನಾವು ಸಂಕೋಚಪಡುವುದಿಲ್ಲ; ಪಕ್ಕದ ತೋಟದವರನ್ನು ಕರೆದು ತೋರಿಸಿ ಸಲಹೆ ಕೇಳುತ್ತೇವೆ. ತೋಟ ಮಾಡುವವನ ಮನಸ್ಸಿಗೆ ರೋಗ ಬಂದಾಗ ಮಾತ್ರ ಬಾಯಿ ಕಟ್ಟಿಹೋಗುತ್ತದೆ. "ಸ್ವಲ್ಪ ಮನಸ್ಸಿಗೆ ಹಚ್ಚಿಕೊಂಡಿದ್ದಾರೆ" ಎಂದು ಮನೆಯವರು ಮಾತು ಮುಗಿಸುತ್ತಾರೆ.

ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಸುಮಾರು 20ಕ್ಕೆ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿರುತ್ತದೆ. ಅವರಲ್ಲಿ ಹೆಚ್ಚಿನವರು ಚಿಕಿತ್ಸೆಯನ್ನೇ ಪಡೆದಿರುವುದಿಲ್ಲ. ಪಡೆದವರಲ್ಲಿ ಅನೇಕರು ಗುಣವಾಗುತ್ತಾರೆ. ಆದರೆ ಈ ಬರಹ ಮೂರನೆಯ ಗುಂಪಿನವರ ಕುರಿತದ್ದು. ಇವರು ವೈದ್ಯರಲ್ಲಿಗೆ ಹೋಗಿದ್ದಾರೆ, ಮಾತ್ರೆ ನುಂಗಿದ್ದಾರೆ, ಆಪ್ತಸಲಹೆಯನ್ನೂ ಪಡೆದಿದ್ದಾರೆ. ಆದರೂ ರೋಗ ಬಿಟ್ಟಿಲ್ಲ, ಅಥವಾ ಬಿಟ್ಟು ಮತ್ತೆ ಬಂದಿದೆ. ಬೆಂಗಳೂರಿನ ಆರ್‌ಪಿಸಿ ಲೇಔಟ್, ವಿಜಯನಗರದ ಕಡೆ ಮಗನ ಮನೆಯಲ್ಲೋ ಮಗಳ ಮನೆಯಲ್ಲೋ ತಿಂಗಳೊಪ್ಪತ್ತು ಇದ್ದು ಆಸ್ಪತ್ರೆಗೆ ಓಡಾಡಿ, ಕೊಯಿಲು ಬಂತೆಂದು ಅರ್ಧಕ್ಕೇ ಊರಿಗೆ ಹಿಂತಿರುಗಿದ ಸದಸ್ಯರನ್ನು ನಾನು ಬಲ್ಲೆ. "ಎಲ್ಲಾ ನೋಡಿ ಆಯಿತು, ಇನ್ನೇನೂ ಉಳಿದಿಲ್ಲ" ಎಂಬ ತೀರ್ಮಾನಕ್ಕೆ ಇಂಥವರು ಬಂದುಬಿಟ್ಟಿರುತ್ತಾರೆ. ಆ ತೀರ್ಮಾನ ಸರಿಯಲ್ಲ ಎಂಬುದೇ ನನ್ನ ವಾದ.

ಖಿನ್ನತೆ ಪದೇ ಪದೇ ಬಂದವರಲ್ಲಿ ಮನಸ್ಸಿಗೆ ಒಂದು ಅಭ್ಯಾಸ ಬೀಳುತ್ತದೆ. ಹಸು ಮೆಲುಕು ಹಾಕುವಂತೆ ಅದು ಹಳೆಯದನ್ನೇ ಮೆಲುಕು ಹಾಕುತ್ತಿರುತ್ತದೆ. ಅಡಿಕೆ ಧಾರಣೆ ಇಳಿದ ದಿನ ಎಲ್ಲರಿಗೂ ಬೇಸರವೇ. ಮಾರನೆಯ ದಿನ ಉಳಿದವರು ಕೆಲಸಕ್ಕೆ ಏಳುತ್ತಾರೆ. ಇವರಿಗೆ ಆ ಸಣ್ಣ ಬೇಸರವೇ ಸಾಲ ತೀರುವುದಿಲ್ಲ, ತೋಟ ಉಳಿಯುವುದಿಲ್ಲ, ನಾನು ಯಾತಕ್ಕೂ ಬಾರದವನು ಎಂಬಲ್ಲಿಯವರೆಗೆ ಎಳೆದೊಯ್ಯುತ್ತದೆ. "ಯೋಚನೆ ಮಾಡಬೇಡ" ಎಂದು ಗದರಿಸಿದರೆ ಮೆಲುಕು ನಿಲ್ಲುವುದಿಲ್ಲ, ಇನ್ನೂ ಹೆಚ್ಚುತ್ತದೆ.

ಈ ಮೆಲುಕನ್ನೇ ಗುರಿಯಾಗಿಟ್ಟುಕೊಂಡ ಚಿಕಿತ್ಸೆಯೊಂದಿದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್ ಜಿನ್ ಎಂಬವರು 1979ರಲ್ಲಿ ದೀರ್ಘಕಾಲದ ನೋವಿನ ರೋಗಿಗಳಿಗಾಗಿ ಆರಂಭಿಸಿದ ಕ್ರಮವನ್ನು ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ಎಂಬ ಮೂವರು ಮನಃಶಾಸ್ತ್ರಜ್ಞರು ಖಿನ್ನತೆಗೆ ಹೊಂದಿಸಿದರು. ಇದಕ್ಕೆ ಮೈಂಡ್‌ಫುಲ್‌ನೆಸ್ ಚಿಕಿತ್ಸೆ ಎನ್ನುತ್ತಾರೆ. ಇದರ ಬೇರು ಬೌದ್ಧರ ಧ್ಯಾನದಲ್ಲಿದೆಯಾದರೂ ಚಿಕಿತ್ಸೆಯಲ್ಲಿ ದೇವರು, ಮತ, ಮಂತ್ರಗಳ ಮಾತಿಲ್ಲ. ಹತ್ತು ಹನ್ನೆರಡು ಜನರ ಗುಂಪು, ವಾರಕ್ಕೊಮ್ಮೆ ಸುಮಾರು ಎರಡು ತಾಸು, ಒಟ್ಟು 8 ವಾರ; ಉಳಿದ ದಿನ ಮನೆಯಲ್ಲಿ ಅಭ್ಯಾಸ. ಉಸಿರನ್ನು ಗಮನಿಸುವುದು, ಕಾಲ್ಬೆರಳಿನಿಂದ ತಲೆಯವರೆಗೆ ಮೈಯನ್ನು ಗಮನಿಸುವುದು, ಒಂದು ಒಣದ್ರಾಕ್ಷಿಯನ್ನು ನಿಧಾನವಾಗಿ ನೋಡಿ, ಮೂಸಿ, ರುಚಿ ಅರಿತು ತಿನ್ನುವುದು ಇತ್ಯಾದಿ. ಕೇಳಿದರೆ ನಗು ಬಂದೀತು. ಆದರೆ ಈ ಅಭ್ಯಾಸದಿಂದ "ನಾನು ಯಾತಕ್ಕೂ ಬಾರದವನು" ಎಂಬುದು ಬಂದುಹೋಗುವ ಒಂದು ಯೋಚನೆಯೇ ಹೊರತು ಸತ್ಯ ಸಂಗತಿಯಲ್ಲ ಎಂದು ರೋಗಿಗೆ ಕ್ರಮೇಣ ಕಾಣತೊಡಗುತ್ತದೆ. ಯೋಚನೆಯೊಡನೆ ಜಗಳವಿಲ್ಲ, ಅದರ ಹಿಂದೆ ಓಡುವುದೂ ಇಲ್ಲ.

ಫಲವೇನೆಂದು ಕೇಳುವುದು ನಮ್ಮವರ ಹಕ್ಕು. 2000ನೆಯ ಇಸವಿಯಲ್ಲಿ ಪ್ರಕಟವಾದ ಮೊದಲ ಪರೀಕ್ಷೆಯಲ್ಲಿ, ಮೂರು ಅಥವಾ ಹೆಚ್ಚು ಸಲ ಖಿನ್ನತೆ ಬಂದಿದ್ದವರ ಪೈಕಿ ಮಾಮೂಲು ಚಿಕಿತ್ಸೆ ಮಾತ್ರ ಪಡೆದವರಲ್ಲಿ ಶೇಕಡಾ 66 ಮಂದಿಗೆ ರೋಗ ಮರುಕಳಿಸಿದರೆ, ಜೊತೆಗೆ ಈ ಅಭ್ಯಾಸ ಕಲಿತವರಲ್ಲಿ ಶೇಕಡಾ 37 ಮಂದಿಗೆ ಮರುಕಳಿಸಿತು. ಹಾಗೆಂದು ಇದು ಒಮ್ಮೆ ಸಿಂಪಡಿಸಿ ಕೈ ತೊಳೆದುಕೊಳ್ಳುವ ಮದ್ದಲ್ಲ. ಮಾತಿನ ಚಿಕಿತ್ಸೆ ಪಡೆದೂ ಗುಣವಾಗದಿದ್ದವರ ಮೇಲೆ ಇಂಗ್ಲೆಂಡಿನಲ್ಲಿ ನಡೆದ ಪರೀಕ್ಷೆಯ ವರದಿ 2025ರಲ್ಲಿ ಹೊರಬಂದಿದೆ. ಅದರಲ್ಲಿದ್ದವರು 234 ಜನ. ಆರು ತಿಂಗಳ ನಂತರವೂ ಈ ಚಿಕಿತ್ಸೆ ಪಡೆದವರ ಸ್ಥಿತಿ ಉಳಿದವರಿಗಿಂತ ಉತ್ತಮವಾಗಿತ್ತು. ಪ್ರಯೋಜನ ಸಾಧಾರಣ ಪ್ರಮಾಣದ್ದೇ. ಆದರೆ ದಾರಿ ಮುಗಿಯಿತೆಂದು ಕುಳಿತವರಿಗೆ ಸಾಧಾರಣ ಪ್ರಯೋಜನವೂ ದೊಡ್ಡದೇ. ಆ ತರಗತಿಗಳು ನಡೆದದ್ದು ವೀಡಿಯೊ ಕರೆಯ ಮೂಲಕ ಎಂಬುದನ್ನು ನಾವು ವಿಶೇಷವಾಗಿ ಗಮನಿಸಬೇಕು.

ಏಕೆಂದರೆ ನಮ್ಮವರಿಗೆ ಕಷ್ಟವಿರುವುದು 8 ವಾರ ಬಿಡುವು ಮಾಡಿಕೊಳ್ಳುವುದರಲ್ಲಿ. ಅಡಿಕೆ ಕೊಯಿಲು, ಕಾಫಿ ಕೊಯಿಲು, ಹೂಮಳೆಯ ಕಾಯುವಿಕೆ, ಮುಂಗಾರಿಗೆ ಮುಂಚೆ ಬೋರ್ಡೋ ಸಿಂಪರಣೆ: ಸಣ್ಣ ಹಿಡುವಳಿದಾರನಿಗೆ ಎಡೆಬಿಡದೆ ಎರಡು ತಿಂಗಳು ಎಲ್ಲಿ ಸಿಗುತ್ತದೆ? ಆದುದರಿಂದ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಎರಡು ಸಲಹೆಗಳನ್ನು ಮಂಡಿಸಲು ಇಚ್ಛಿಸುತ್ತೇನೆ. ಒಂದು, ಚಿಕಿತ್ಸೆಯಲ್ಲಿರುವ ಸದಸ್ಯನ ತೋಟದ ಕೆಲಸವನ್ನು ಆ 8 ವಾರ ನೆರೆಯ ಸದಸ್ಯರು ಸರದಿಯ ಮೇಲೆ ನೋಡಿಕೊಳ್ಳುವುದು. ಕಾಲು ಮುರಿದವನಿಗೆ ನಾವು ಹೀಗೆ ಮಾಡಿಯೇ ಇದ್ದೇವೆ. ಎರಡು, ಸಂಘದ ಕಛೇರಿಯ ಮಹಡಿಯ ಕೋಣೆಯನ್ನು, ಅಲ್ಲಿ ನೆಟ್ ಸರಿಯಾಗಿ ಬರುವುದರಿಂದ, ವೈದ್ಯರೊಡನೆ ವೀಡಿಯೊದಲ್ಲಿ ಮಾತನಾಡುವವರಿಗೆ ಬಿಟ್ಟುಕೊಡುವುದು. ಬಾಗಿಲು ಹಾಕಿಕೊಳ್ಳಬಹುದು, ಹೆಸರನ್ನು ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ. ಇಂಥ ತರಗತಿ ನಮ್ಮ ಕನ್ನಡದಲ್ಲಿ, ತೋಟದವರಿಗೆ ತಿಳಿಯುವ ಮಾತಿನಲ್ಲಿ ಬೇಕೆಂದು ಸಂಘದಿಂದ ನಿಮ್ಹಾನ್ಸ್‌ಗೆ ಮನವಿ ಕಳಿಸೋಣ. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾನಸಿಕ ಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟಕ್ಕೆ ಒಯ್ದು ತೋರಿಸಿದ ಸಂಸ್ಥೆ ಅದು. ಆ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಆಧಾರವಾಯಿತು.

ಕೊನೆಯದಾಗಿ ಕೆಲವು ಎಚ್ಚರಿಕೆಗಳು. ಧ್ಯಾನ ಆರಂಭಿಸಿದೆನೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸಕೂಡದು. ರೋಗ ತೀವ್ರವಾಗಿರುವಾಗ ಹತ್ತು ದಿನದ ಮೌನ ಶಿಬಿರಕ್ಕೆ ಹೋಗಿ ಕೂರುವುದು ಇದಕ್ಕೆ ಬದಲಿಯಲ್ಲ. ತರಬೇತಾದ ಚಿಕಿತ್ಸಕರ ಬಳಿಯೇ ಕಲಿಯಬೇಕು. ಬದುಕುವುದೇ ಬೇಡವೆಂಬ ಮಾತು ಬಾಯಲ್ಲಿ ಬಂದರೆ ಸಭೆ, ಸಲಹೆ ಎಂದು ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು, ಒಂಟಿಯಾಗಿ ಬಿಡಬಾರದು, ತೋಟದ ಔಷಧಿಗಳನ್ನು ಬೀಗದೊಳಗೆ ಇಡಬೇಕು. ಟೆಲಿಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. 2022ರಿಂದ ಈ ಸೇವೆ ಇದೆ. ಆ ಸಂಖ್ಯೆಯನ್ನು ನಮ್ಮ ಗೊಬ್ಬರದ ಡಿಪೋದ ಬಾಗಿಲಿನಲ್ಲಿ ದಪ್ಪಕ್ಷರದಲ್ಲಿ ಬರೆಸಲಾಗುವುದು.

— ಕಾರ್ಯದರ್ಶಿ