ಸ್ಥಾವರವು ಜಂಗಮಕ್ಕಾಗಿ



ಕಳೆದ ಬೇಸಿಗೆಯಲ್ಲಿ ಹರಿಹರದ ಕಡೆಯ ಒಂದು ಹಳ್ಳಿಗೆ ಶಾಲಾ ಕಟ್ಟಡದ ಭೂಮಿಪೂಜೆಗೆಂದು ಹೋಗಿದ್ದೆವು. ಊರ ಹಿರಿಯರು ಅಭಿಮಾನದಿಂದ ನಕ್ಷೆಯನ್ನು ಬಿಚ್ಚಿ ತೋರಿಸಿದರು. ರಸ್ತೆಗೆ ಮುಖ ಮಾಡಿ ದೊಡ್ಡ ಕಮಾನು, ಅದರ ಮೇಲೆ ದಾನಿಗಳ ಹೆಸರು. ಕೆಳಗೆ ಕಚೇರಿ ಮತ್ತು ಸಭಾಂಗಣ, ಒಂದನೆಯ ಎರಡನೆಯ ಇಯತ್ತೆಯ ಮಕ್ಕಳಿಗೆ ಮೇಲಂತಸ್ತು. ಕಮಾನಿಗೆ ಅಡ್ಡವಾಗಿದ್ದ ಹಳೆಯ ಬೇವಿನ ಮರಕ್ಕೆ ಕೊಡಲಿ ಪೆಟ್ಟು ಕಾದಿತ್ತು. ಶೌಚಾಲಯವೆಲ್ಲಿ ಎಂದು ಕೇಳಿದೆವು. "ಹಣ ಉಳಿದರೆ ಆಮೇಲೆ ನೋಡೋಣ ಬುದ್ಧಿ" ಎಂದರು.

ಪೂಜೆ ಮುಗಿದ ಮೇಲೆ ಒಬ್ಬ ಮುದಿ ತಾಯಿ ಪಾದಕ್ಕೆ ನಮಸ್ಕರಿಸಿ ಹೇಳಿದ ಮಾತು ನಮ್ಮನ್ನು ಇಂದಿಗೂ ಬಿಟ್ಟಿಲ್ಲ. "ನನ್ನ ಮೊಮ್ಮಗಳು ಸಾಲಿಗೆ ಹೋದ ದಿನ ಸಂಜೆತನಕ ನೀರು ಕುಡಿಯಂಗಿಲ್ಲ ಬುದ್ಧಿ. ಕುಡಿದರೆ ಹೋಗಾಕೆ ಅಲ್ಲಿ ಜಾಗ ಇಲ್ಲ." ಬಾಯಾರಿದ ಮಗುವಿಗೆ ನೀರು ಕುಡಿಯಲು ಅಂಜಿಕೆಯಾಗುವ ಶಾಲೆಗೆ ಎಂಥ ಕಮಾನು ಕಟ್ಟಿದರೂ ಶೋಭೆ ಬಂದೀತೇ?

ಶರಣರು ಸ್ಥಾವರಕ್ಕಿಂತ ಜಂಗಮಕ್ಕೆ ಹೆಚ್ಚಿನ ಸ್ಥಾನವನ್ನು ಕೊಟ್ಟರು. ಕಟ್ಟಡ ಸ್ಥಾವರ, ಅದರೊಳಗೆ ಓಡಾಡುವ ಮಗು ಜಂಗಮ. ಜಂಗಮಕ್ಕೆ ಒದಗದ ಸ್ಥಾವರ ಬರಿಯ ಕಲ್ಲು ಮಣ್ಣಿನ ರಾಶಿ. ನಮ್ಮ ನಾಡಿನಲ್ಲಿ ಮಠಕ್ಕೂ ಶಾಲೆಗೂ ಇರುವ ನಂಟು ಇಂದಿನದಲ್ಲ. ಊರೂರಿನ ಕೂಲಿಮಠಗಳಲ್ಲಿ ಅಯ್ಯಗಳು ಮರಳ ಮೇಲೆ ಮಕ್ಕಳಿಂದ ಅಕ್ಷರ ತಿದ್ದಿಸಿದರು. ಸಾಲಿಮಠ ಎಂಬ ಮನೆತನದ ಹೆಸರು ಇಂದಿಗೂ ಅದಕ್ಕೆ ಸಾಕ್ಷಿ. ಆ ಪಡಸಾಲೆಗಳಿಗೆ ವೈಭವವಿರಲಿಲ್ಲ. ಆದರೆ ಮಗುವಿನ ಕೈಗೆ ಮರಳು ಎಟುಕುತ್ತಿತ್ತು.

ಎಟುಕುವುದು ಎಂಬ ಈ ಒಂದು ಮಾತಿನಲ್ಲೇ ಚಿಕ್ಕ ಮಕ್ಕಳ ಕಟ್ಟಡದ ಮರ್ಮವಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಗೋಡೆಯ ಕೆಳಭಾಗದಲ್ಲೇ ಮಕ್ಕಳಿಗಾಗಿ ಕಪ್ಪುಹಲಗೆ ಬಂತು. ಮಕ್ಕಳು ಬರೆದ ಚಿತ್ರಗಳನ್ನು ತೂಗುಹಾಕಲು ಚಪ್ಪರ ಬಂತು. ಖರ್ಚು ಅಲ್ಪ, ಫಲ ದೊಡ್ಡದು. ಅದರಂತೆಯೇ ಕಿಟಕಿ ಕುಳಿತ ಮಗುವಿನ ಕಣ್ಣಿಗೆ ಹೊರಗಿನ ಗಿಡ ಕಾಣುವಷ್ಟು ತಗ್ಗಾಗಿರಲಿ. ಮೆಟ್ಟಿಲು ಪುಟ್ಟ ಕಾಲಿಗೆ ಒಗ್ಗುವಂತಿರಲಿ. ನಲ್ಲಿ ಆರು ವರ್ಷದ ಕೈಗೆ ಸಿಗಲಿ. ಕಾಲಿಲ್ಲದ ಮಗುವೂ ತಾನೇ ಒಳಗೆ ಬರುವಂತೆ ಇಳಿಜಾರು ದಾರಿಯಿರಲಿ.

ಚಿಕ್ಕವರನ್ನು ನೆಲಮಟ್ಟದಲ್ಲೇ ಕೂಡಿಸಬೇಕೆಂದು ನಾವು ಹಟ ಹಿಡಿಯಲು ಕಾರಣವುಂಟು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಮನೆಯ ಕಿಡಿ ಗರಿಯ ಚಾವಣಿಗೆ ತಗುಲಿ 94 ಮಕ್ಕಳು ಬೆಂದುಹೋದರು. ಮೇಲಂತಸ್ತಿನಲ್ಲಿದ್ದ ಆ ಕಂದಮ್ಮಗಳಿಗೆ ಇಳಿದು ಬರಲು ಇದ್ದದ್ದು ಇಕ್ಕಟ್ಟಾದ ಮೆಟ್ಟಿಲು. ನಮ್ಮ ರಾಜ್ಯದಲ್ಲಿ 2002ರಿಂದ ಮಧ್ಯಾಹ್ನದ ಊಟ ನಡೆಯುತ್ತಿದೆ. ಅದಕ್ಕೆ ಅಕ್ಷರ ದಾಸೋಹವೆಂಬ ಪವಿತ್ರ ಹೆಸರಿದೆ. ದಾಸೋಹದ ಒಲೆ ಪಾಠದ ಕೋಣೆಯಿಂದ ದೂರವಿರಲಿ. ಪ್ರತಿ ಕೋಣೆಗೂ ಎರಡು ಬಾಗಿಲಿರಲಿ, ಅವು ಹೊರಕ್ಕೆ ತೆರೆಯಲಿ.

ಇನ್ನು ನಮ್ಮ ನೆಲದ ಗುಣ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಗಟ್ಟಿ ನೆಲ ಸಿಗುವತನಕ ಪಾಯ ಅಗೆಯದೆ ಕಟ್ಟಿದ ಗೋಡೆ ಎರಡು ಬೇಸಿಗೆಗೆ ಸೀಳುತ್ತದೆ. ದಾವಣಗೆರೆ ಸೀಮೆಯ ಚೈತ್ರ ವೈಶಾಖದ ಬಿಸಿಲನ್ನು ನಿಮಗೆ ಹೇಳಬೇಕಿಲ್ಲ. ತಗಡಿನ ಕೆಳಗೆ ಕುಳಿತ ಮಗುವಿಗೆ ಮಗ್ಗಿ ಹತ್ತುವುದಿಲ್ಲ, ತಲೆನೋವು ಹತ್ತುತ್ತದೆ. ಕಿಟಕಿಗಳು ಉತ್ತರ ದಕ್ಷಿಣಕ್ಕೆ ತೆರೆದಿರಲಿ, ಪಡುವಣ ಬಿಸಿಲಿಗೆ ಗೋಡೆ ಅಡ್ಡವಿರಲಿ, ಸುತ್ತ ಅಗಲವಾದ ಜಗಲಿಯಿರಲಿ. 1224ರಲ್ಲಿ ಪೋಲಾಳ್ವ ದಂಡನಾಯಕನು ಕಟ್ಟಿಸಿದ ಹರಿಹರೇಶ್ವರನ ಗುಡಿಯ ಮಂಟಪದಲ್ಲಿ ಮಧ್ಯಾಹ್ನ ಒಮ್ಮೆ ಕುಳಿತು ನೋಡಿರಿ. ನೆರಳು ಗಾಳಿಗಳನ್ನು ಹಿರಿಯರು ಹೇಗೆ ಬಲ್ಲವರಾಗಿದ್ದರೆಂದು ತಿಳಿಯುತ್ತದೆ.

ಕೆಲವರು ಹೇಳಬಹುದು: "ಕಮಾನಿಲ್ಲದಿದ್ದರೆ ದಾನಿಗಳು ಕೊಡುವುದಿಲ್ಲ. ಕೆಳಗೆ ಕಟ್ಟಲು ಜಾಗ ಸಾಲದು." ಈ ಕಷ್ಟ ನಮಗೂ ಗೊತ್ತು. ಮಠ ನಡೆಸುವವರಿಗೆ ದಾನಿಯ ಮನಸ್ಸು ತಿಳಿಯದೇ? ಆದರೆ ಜಾಗ ಸಾಲದಿದ್ದರೆ ಕಚೇರಿ ಮೇಲೇರಲಿ, ಮಕ್ಕಳು ಕೆಳಗಿರಲಿ. ದಾನಿಯ ಹೆಸರನ್ನು ನೀರಿನ ತೊಟ್ಟಿಯ ಮೇಲೆ ಕೆತ್ತಿಸಿರಿ. ದಿನವೂ ನೂರು ಮಕ್ಕಳು ಅದನ್ನು ಓದಿ ನೀರು ಕುಡಿಯುತ್ತಾರೆ. ಕಮಾನಿನ ಮೇಲಿನ ಹೆಸರನ್ನು ಬಸ್ಸಿನಲ್ಲಿ ಹೋಗುವವರು ಒಂದು ಕ್ಷಣ ನೋಡಿ ಮರೆಯುತ್ತಾರೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯೂ ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಶುದ್ಧವಾದ ಕುಡಿಯುವ ನೀರು, ಅಡುಗೆಮನೆ, ಆಟದ ಬಯಲು ಇರಲೇಬೇಕೆನ್ನುತ್ತದೆ. ಕಮಾನು ಇರಬೇಕೆಂದು ಎಲ್ಲಿಯೂ ಹೇಳಿಲ್ಲ.

ಆ ಊರಿನವರು ನಮ್ಮ ಮಾತಿಗೆ ಬೆಲೆ ಕೊಟ್ಟು ನಕ್ಷೆಯನ್ನು ತಿದ್ದಿಸಿದರು. ಪುಟ್ಟ ಮಕ್ಕಳು ಕೆಳಗೆ ಬಂದರು. ಶೌಚಾಲಯದ ಪಾಯ ಮೊದಲು ಬಿತ್ತು. ಬೇವಿನ ಮರ ಉಳಿಯಿತು. ಕಮಾನಿನ ವಿಚಾರದಲ್ಲಿ ಮಾತ್ರ ಹಿರಿಯರಲ್ಲಿ ಇನ್ನೂ ವಾದ ನಡೆದಿದೆ. ನಡೆಯಲಿ. ಆ ವಾದವನ್ನು ಅವರು ಅದೇ ಬೇವಿನ ನೆರಳಿನಲ್ಲಿ ಕುಳಿತು ಮಾಡುತ್ತಿದ್ದಾರೆಂಬುದೇ ನಮಗೆ ಸಂತೋಷ.

ನಿಮ್ಮೂರಿನಲ್ಲಿ ಶಾಲೆಯ ಕಟ್ಟಡ ಏಳುವುದಿದ್ದರೆ, ಗುದ್ದಲಿ ಹಾಕುವ ಮೊದಲು ಒಂದು ಮಗುವಿನ ಎತ್ತರಕ್ಕೆ ಕುಳಿತು ಆ ನಕ್ಷೆಯನ್ನು ನೋಡಿರಿ. ಆ ಕಂದನಿಗೆ ನೀರು, ನೆರಳು, ಮರ್ಯಾದೆ ಮೂರೂ ಸಿಕ್ಕರೆ ಪೂಜೆ ಆಗಲೇ ಸಂದಂತೆ.